ಓದುಗರ ಪ್ರಶ್ನೆ, ನಮ್ಮ ಉತ್ತರ: ಅಲ್ಬೋರ್ಜ್ ಘಟ್ಟದ ಆಚೆಯ ಇರಾನ್

ಪ್ರಶ್ನೆ: 2016ರ ಮೇ ತಿಂಗಳಿನಲ್ಲಿ ನಾನು ಮತ್ತು ನನ್ನ ಪತಿ ಹತ್ತು ದಿನ ಇರಾನಿನಲ್ಲಿದ್ದೆವು. ಬಾಡಿಗೆ ಕಾರಿನಲ್ಲಿ ಟೆಹರಾನಿನಿಂದ ಕಜ್ವೀನ್ ದಾರಿಯಾಗಿ ರಶ್ತ್, ಮಾಸೂಲೆ, ಲಾಹಿಜಾನ್ ನೋಡಿಕೊಂಡು, ಅಲ್ಲಿಂದ ತಿರುಗಿ ದಕ್ಷಿಣಕ್ಕೆ ಇಸ್ಫಹಾನಿನವರೆಗೆ ಹೋದೆವು. ಮರಳುಗಾಡು, ಸಿಡುಕಿನ ಜನ, ಮನೆಯಿಂದ ಹೊರಗೆ ಬಾರದ ಹೆಂಗಸರು ಎಂದುಕೊಂಡು ಹೋಗಿದ್ದ ನಮಗೆ ಎದುರಾದದ್ದು ಗದ್ದೆ, ಚಹಾ ತೋಟ, ದಾರಿಯಲ್ಲಿ ನಿಲ್ಲಿಸಿ ಊಟಕ್ಕೆ ಕರೆಯುವ ಜನ, ಕಾರು, ಟ್ಯಾಕ್ಸಿ ಓಡಿಸುವ, ಬಜಾರಿನಲ್ಲಿ ಚೌಕಾಸಿ ಮಾಡುವ ಹೆಂಗಸರು. ಈ ಮಾತು ಬಂದಾಗಲೆಲ್ಲ ನನ್ನ ಅಣ್ಣ, ‘ಬಂದ ನೆಂಟರಿಗೆ ಯಾರು ತಾನೇ ಮುಖ ಗಂಟಿಕ್ಕುತ್ತಾರೆ? ನೀವು ಕಂಡದ್ದು ಇರಾನ್ ಅಲ್ಲ’ ಎನ್ನುತ್ತಾರೆ. ನಾವು ಮೋಸಹೋದೆವೇ?

ಉತ್ತರ: ಮೋಸಹೋಗಿಲ್ಲ. ಆದರೆ ನೀವು ಹೊತ್ತುಕೊಂಡು ಹೋದ ಮೂರು ಅಭಿಪ್ರಾಯಗಳೂ ಒಂದೇ ಜಾತಿಯವಲ್ಲವಾದ್ದರಿಂದ, ಅವು ಬಿದ್ದುಹೋದ ಬಗೆಯೂ ಒಂದೇ ಅಲ್ಲ.

ನೆಲದ ವಿಷಯದಲ್ಲಿ ಅಣ್ಣನವರು ವಾದಿಸುವುದಕ್ಕೆ ಏನೂ ಉಳಿದಿಲ್ಲ, ಏಕೆಂದರೆ ಬೆಟ್ಟಗಳು ಅತಿಥಿಗಾಗಿ ವೇಷ ಹಾಕುವುದಿಲ್ಲ. ಕ್ಯಾಸ್ಪಿಯನ್ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿಯನ್ನು ಅಲ್ಬೋರ್ಜ್ ಪರ್ವತಶ್ರೇಣಿ ತಡೆದು ನಿಲ್ಲಿಸುವುದರಿಂದ ಮಳೆಯ ಬಹುಭಾಗ ಅದರ ಉತ್ತರದ ಮಗ್ಗುಲಿಗೇ ಸುರಿದುಹೋಗುತ್ತದೆ. ದಕ್ಷಿಣಕ್ಕಿರುವ ಟೆಹರಾನ್ ಮಳೆನೆರಳಿನಲ್ಲಿ ಉಳಿದು ವರ್ಷಕ್ಕೆ ಸುಮಾರು 250 ಮಿಲಿಮೀಟರ್ ಮಳೆಯಲ್ಲಿ ಬದುಕುವಾಗ, ಕಡಲ ದಂಡೆಯ ಬಂದರ್ ಅಂಜಲಿಯಲ್ಲಿ 1,700 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಪಶ್ಚಿಮ ಘಟ್ಟವನ್ನು ಏರಿ ಇಳಿದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಹೋದ ದಾರಿಯ ವಿಶೇಷವೆಂದರೆ, ಸಫೀದ್‌ರೂದ್ ನದಿ ಆ ಪರ್ವತಶ್ರೇಣಿಯನ್ನು ಕೊರೆದುಕೊಂಡು ಹರಿಯುವ ಕಣಿವೆಯಲ್ಲೇ ಅದು ಸಾಗುತ್ತದೆ. ಗಾಳಿಯಂತ್ರಗಳು ಸದಾ ತಿರುಗುತ್ತಿರುವ ಮಂಜೀಲ್, ಆಮೇಲೆ ಆಲಿವ್ ತೋಪುಗಳ ರೂದ್‌ಬಾರ್, ಅದನ್ನು ದಾಟಿದರೆ ಕಾಡು, ಕಾಡು ಮುಗಿದಲ್ಲಿ ಗದ್ದೆ: ಇಷ್ಟೂ ಒಂದೂವರೆ ಗಂಟೆಯ ಪ್ರಯಾಣದೊಳಗೆ ಕಂಡುಹೋಗುತ್ತದೆ. ಮೇ ತಿಂಗಳಾದ್ದರಿಂದ ಕೆಸರಿನಲ್ಲಿ ನಿಂತು ನಾಟಿ ಮಾಡುವ ಹೆಂಗಸರನ್ನೂ ನೀವು ಕಂಡಿರಬೇಕು.

ಇದು ಗೀಲಾನ್ ಪ್ರಾಂತ. ಹೆಸರನ್ನು ಬೀದರಿನವರು ಕೇಳಿರುತ್ತಾರೆ, ಏಕೆಂದರೆ 1472ರಲ್ಲಿ ಅಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಹುಟ್ಟಿದ್ದು ಇದೇ ಗೀಲಾನಿನಲ್ಲಿ. ಲಾಹಿಜಾನಿನ ಚಹಾಕ್ಕೂ ಭಾರತದ ನಂಟಿದೆ: ಭಾರತದಲ್ಲಿ ಇರಾನಿನ ಕಾನ್ಸಲ್ ಆಗಿದ್ದ ಕಾಶಿಫ್ ಅಲ್-ಸಲ್ತನೆ ಎಂಬುವರು 19ನೆಯ ಶತಮಾನ ಮುಗಿಯುವ ಹೊತ್ತಿಗೆ ಇಲ್ಲಿನ ಸಸಿಗಳನ್ನು ಒಯ್ದು ಅಲ್ಲಿ ನೆಡಿಸಿದರು. ಬದನೆಕಾಯಿಯನ್ನು ಸುಟ್ಟು, ಬೆಳ್ಳುಳ್ಳಿ, ಟೊಮೆಟೊ, ಮೊಟ್ಟೆ ಬೆರೆಸಿ ಮಾಡುವ ಮಿರ್ಜಾ ಗಾಸೆಮಿ ನಿಮಗೆ ರುಚಿಸಿತೇ ಎಂಬುದನ್ನು ನೀವು ಬರೆದಿಲ್ಲ, ಬರೆಯಬೇಕಿತ್ತು.

ಊಟಕ್ಕೆ ಕರೆದವರ ವಿಷಯದಲ್ಲಿ ಅಣ್ಣನವರ ಅನುಮಾನಕ್ಕೆ ಸ್ವಲ್ಪ ಆಧಾರವಿದೆ. ಇರಾನಿನಲ್ಲಿ ‘ತಾರೋಫ್’ ಎಂಬ ಉಪಚಾರದ ರೂಢಿಯುಂಟು. ಅಂಗಡಿಯವನು ದುಡ್ಡು ತೆಗೆದುಕೊಳ್ಳುವ ಮೊದಲು ‘ಕಾಬೆಲ್ ನದಾರೆ’, ಅಂದರೆ ಇದು ನಿಮಗೆ ತಕ್ಕದ್ದೇನಲ್ಲ, ಎನ್ನುತ್ತಾನೆ. ಹಾಗೆಂದು ವಸ್ತುವನ್ನು ಪುಕ್ಕಟೆ ಎತ್ತಿಕೊಂಡು ಹೊರಟರೆ ಇಬ್ಬರಿಗೂ ಮುಜುಗರ. ‘ಊಟ ಮಾಡಿಕೊಂಡು ಹೋಗಿ’ ಎಂಬ ಮಾತನ್ನು ಎರಡು ಮೂರು ಸಲ ನಿರಾಕರಿಸಿದ ಮೇಲೂ ಕರೆ ನಿಲ್ಲದಿದ್ದರೆ ಮಾತ್ರ ಅದು ಮನಸ್ಸಿನಿಂದ ಬಂದದ್ದು ಎಂದು ತಿಳಿಯಬೇಕು. ಬಾಗಿಲಲ್ಲಿ ನಿಂತು ‘ಬನ್ನಿ, ಕಾಫಿ ಕುಡಿದು ಹೋಗಿ’ ಎನ್ನುವ ನಮಗೆ ಈ ವ್ಯತ್ಯಾಸ ತಿಳಿಯದ್ದೇನಲ್ಲ. ಆದ್ದರಿಂದ ನಿಮ್ಮನ್ನು ಕರೆದವರಲ್ಲಿ ಕೆಲವರು ಪ್ರೀತಿಯಿಂದಲೂ ಕೆಲವರು ರೂಢಿಯಿಂದಲೂ ಕರೆದಿರುತ್ತಾರೆ. ರೂಢಿಯ ಉಪಚಾರ ಸುಳ್ಳು ಎಂದು ನಾನು ಹೇಳಲಾರೆ, ಆದರೆ ಅದನ್ನು ಇಡೀ ದೇಶದ ಸ್ವಭಾವಕ್ಕೆ ಸಾಕ್ಷಿಯಾಗಿ ನಿಲ್ಲಿಸಬೇಡಿ.

ಕಷ್ಟವಿರುವುದು ಹೆಂಗಸರ ವಿಷಯದಲ್ಲಿ. ಕಾರು, ಟ್ಯಾಕ್ಸಿ ಓಡಿಸುವ, ಬಜಾರಿನಲ್ಲಿ ದಿಟ್ಟವಾಗಿ ಚೌಕಾಸಿ ಮಾಡುವ ಹೆಂಗಸರನ್ನು ಕಂಡಿರಿ, ಅದು ನಿಜ. ಈ ಶತಮಾನದ ಮೊದಲ ದಶಕದಲ್ಲೇ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಸೇರುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ಆದರೆ ಆ ಹತ್ತೂ ದಿನ ನೀವೂ ತಲೆವಸ್ತ್ರ ತೆಗೆಯುವಂತಿರಲಿಲ್ಲ ಎಂಬುದನ್ನು ಮರೆಯಬೇಡಿ, ಅದು ರೂಢಿಯಲ್ಲ, ಕಾನೂನು. ನೀವು ಬಂದ ಆರು ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ, ಆ ಕಾನೂನಿನ ಹೆಸರಿನಲ್ಲಿ ಬಂಧಿತಳಾದ 22 ವರ್ಷದ ಮಹ್ಸಾ ಅಮೀನಿ ಟೆಹರಾನಿನಲ್ಲಿ ಪೊಲೀಸರ ವಶದಲ್ಲಿದ್ದಾಗಲೇ ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಮೇಲೆ ನೀವು ಹಾದುಬಂದ ಊರುಗಳ ಬೀದಿಗಳಲ್ಲೂ ಪ್ರತಿಭಟನೆ ಹಬ್ಬಿತು. ಬಜಾರಿನಲ್ಲಿ ನೀವು ಕಂಡ ಆ ದಿಟ್ಟತನವೇ ಆಮೇಲೆ ಪ್ರತಿಭಟನೆಗೂ ಇಳಿದದ್ದು ಎಂದು ನನಗನ್ನಿಸುತ್ತದೆ. ಆ ಬಿಗಿಯನ್ನು ಕಾರಿನ ಕಿಟಕಿಯಿಂದ ಕಾಣುವುದು ಕಷ್ಟ. ‘ಅಲ್ಲಿ ಎಲ್ಲವೂ ಚೆನ್ನಾಗಿದೆ’ ಎಂದು ನೀವು ಹೇಳಹೊರಟರೆ ಅದು ಮೊದಲಿನ ಕಲ್ಪನೆಯಷ್ಟೇ ಅವಸರದ ಕಲ್ಪನೆಯಾಗುತ್ತದೆ.

ಅಣ್ಣನವರೊಡನೆ ಮತ್ತೆ ಮಾತಿಗೆ ಕೂತರೆ ಇಸ್ಫಹಾನಿನಿಂದ ಆರಂಭಿಸಿ. ಅಲ್ಲಿನ ಜುಲ್ಫಾ ಬಡಾವಣೆಯಲ್ಲಿ 17ನೆಯ ಶತಮಾನದಲ್ಲಿ ಅರ್ಮೇನಿಯನ್ ಕ್ರೈಸ್ತರು ಕಟ್ಟಿದ ವಾಂಕ್ ಇಗರ್ಜಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. 290 ಸದಸ್ಯರ ಸಂಸತ್ತಿನಲ್ಲಿ ಕ್ರೈಸ್ತ, ಯಹೂದಿ, ಜರತುಷ್ಟ್ರ ಸಮುದಾಯಗಳಿಗೆ ಒಟ್ಟು 5 ಸ್ಥಾನ ಮೀಸಲಿದೆ. ಅದೇ ದೇಶದಲ್ಲಿ ಬಹಾಯಿ ಧರ್ಮದವರಿಗೆ ಯಾವ ಮಾನ್ಯತೆಯೂ ಇಲ್ಲ. ಎರಡನ್ನೂ ಒಟ್ಟಿಗೆ ಹೇಳಿ.

ಪ್ರಶ್ನೆ: ನಾವೂ ಇಸ್ಫಹಾನಿಗೆ ಹೋಗಿದ್ದೆವು. ಅಂಗಡಿಯವನು ‘ಐವತ್ತು’ ಎಂದು ಹೇಳಿ, ಕೊನೆಗೆ ಐದು ಲಕ್ಷ ರಿಯಾಲ್ ತೆಗೆದುಕೊಂಡ. ಇದು ವಂಚನೆಯಲ್ಲವೇ?

ಉತ್ತರ: ಅಲ್ಲ, ಅವನು ಸರಿಯಾದ ಲೆಕ್ಕವನ್ನೇ ಹೇಳಿದ್ದಾನೆ. ನೋಟಿನ ಮೇಲಿರುವುದು ರಿಯಾಲ್, ಜನರ ಬಾಯಲ್ಲಿರುವುದು ತುಮಾನ್. 10 ರಿಯಾಲಿಗೆ 1 ತುಮಾನ್. ಅದರ ಮೇಲೆ ‘ಸಾವಿರ’ವನ್ನು ಮಾತಿನಲ್ಲಿ ನುಂಗುವ ಅಭ್ಯಾಸವೂ ಇರುವುದರಿಂದ, ‘ಐವತ್ತು’ ಎಂದರೆ ಐವತ್ತು ಸಾವಿರ ತುಮಾನ್, ಅಂದರೆ ಐದು ಲಕ್ಷ ರಿಯಾಲ್. ಮುಂದಿನ ಸಲ ‘ರಿಯಾಲೋ ತುಮಾನೋ?’ ಎಂದು ಕೇಳಿ, ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಲು ಹೇಳಿ.