ಬೋರ್ಡಿಗೆ ವಿನೈಲ್ ಅಂಟಿಸಿದಾಗ ಗುಳ್ಳೆ ಬಂದಿದೆ, ಸೂಜಿ ಚುಚ್ಚಲಾ, ಕಿತ್ತು ಹಾಕಲಾ?

ನೀವು ಕೇಳಿದ್ದು ಇಷ್ಟು. ಅಕ್ಕನ ಟೈಲರಿಂಗ್ ಅಂಗಡಿಗೆ 6 ಅಡಿ ಅಗಲ, 2 ಅಡಿ ಎತ್ತರದ ಎಸಿಪಿ ಬೋರ್ಡ್ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಶೀಟ್). ಪ್ರಿಂಟ್ ಮಾಡಿಸಿದ ವಿನೈಲನ್ನು, ಅಂದರೆ ಹಿಂದೆ ಗಮ್ ಇರುವ ಪ್ಲಾಸ್ಟಿಕ್ ಸ್ಟಿಕ್ಕರ್ ಹಾಳೆಯನ್ನು, ನೀವೇ ಮನೆಯಲ್ಲಿ ಅಂಟಿಸಿದ್ದೀರಿ. ಅವತ್ತೇ ಮಧ್ಯದಲ್ಲಿ ಅಲ್ಲಲ್ಲಿ ಗುಳ್ಳೆ ಕಂಡಿದೆ. ಬೋರ್ಡ್ ಮೇಲೇರಿಸಿ ಮೂರು ದಿನ ಆದ ಮೇಲೆ ಎಡಗಡೆ ಅಂಚಿನಲ್ಲಿ ಉದ್ದಕ್ಕೆ ಊದಿಕೊಂಡಿದೆ. ಸೂಜಿ ಚುಚ್ಚಿದರೆ ಸಾಕಾ, ಕಿತ್ತು ಹೊಸದು ಹಾಕಬೇಕಾ, ಸೋಪಿನ ನೀರು ಹಾಕಬೇಕಿತ್ತಾ ಅಂತ ಕೇಳಿದ್ದೀರಿ.

ನಾನು ತುಮಕೂರಿನಲ್ಲಿ ಹದಿನೈದು ವರ್ಷದಿಂದ ಸ್ಟಿಕ್ಕರ್ ಮತ್ತು ಬೋರ್ಡ್ ಕೆಲಸ ಮಾಡುತ್ತಿದ್ದೇನೆ. ಜನ ಈಗಲೂ ನಮ್ಮದನ್ನು ರೇಡಿಯಂ ಅಂಗಡಿ ಅಂತಲೇ ಕರೆಯುತ್ತಾರೆ. ಗುಳ್ಳೆ ನೋಡಿದ ತಕ್ಷಣ ಎಲ್ಲರೂ ಸೂಜಿ ಹುಡುಕುತ್ತಾರೆ. ಅದಕ್ಕೂ ಮೊದಲು ಒಂದು ವಿಷಯ ಗೊತ್ತಾಗಬೇಕು. ಈ ಗುಳ್ಳೆ ಅಂಟಿಸುವಾಗ ನಿಮ್ಮ ಕೈಯಿಂದ ಒಳಗೆ ಸಿಕ್ಕಿಕೊಂಡ ಗಾಳಿಯದ್ದಾ, ಅಥವಾ ಆಮೇಲೆ ಅಡಿಯಿಂದ ಎದ್ದು ಬಂದದ್ದಾ? ಮೊದಲನೆಯದು ಸೂಜಿಗೆ ಬಗ್ಗುತ್ತದೆ. ಎರಡನೆಯದು ಬಗ್ಗುವುದಿಲ್ಲ. ನಿಮ್ಮ ಬೋರ್ಡಿನಲ್ಲಿ ಎರಡೂ ಇವೆ ಅಂತ ನನಗನ್ನಿಸುತ್ತದೆ.

ಆ ಎಡಗಡೆಯ ಊತವನ್ನೇ ಮೊದಲು ನೋಡಿ. ಎಸಿಪಿ ಶೀಟ್ ಬರುವಾಗ ಅದರ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಇರುತ್ತದೆ, ಗೀರು ಬೀಳದಿರಲಿ ಅಂತ. ಕಂಪನಿ ಹೆಸರು, ಬಾಣದ ಗುರುತು ಇದ್ದರೆ ಕಣ್ಣಿಗೆ ಬೀಳುತ್ತದೆ. ಬರೀ ಬಿಳಿ ಕವರ್ ಆದರೆ ಗೊತ್ತೇ ಆಗುವುದಿಲ್ಲ. ಅಂಚಿನಲ್ಲಿ ಶೀಟ್ ಮಡಚಿದ ಕಡೆ ಒಂದು ಪಟ್ಟಿ ಉಳಿದುಬಿಡುವುದು ತುಂಬ ಸಾಮಾನ್ಯ. ಅದರ ಮೇಲೆ ವಿನೈಲ್ ಅಂಟಿಸಿದರೆ ನಿಮ್ಮ ಸ್ಟಿಕ್ಕರ್ ಕವರಿಗೆ ಅಂಟಿರುತ್ತದೆ, ಬೋರ್ಡಿಗಲ್ಲ. ಬಿಸಿಲು ಬಿದ್ದಾಗ ಕವರ್ ಸಮೇತ ದಿಂಬಿನ ಹಾಗೆ ಎದ್ದು ನಿಲ್ಲುತ್ತದೆ. ಎಡಗಡೆ ಮೂಲೆಯಲ್ಲಿ ಉಗುರು ಹಾಕಿ ಸ್ವಲ್ಪ ಎಬ್ಬಿಸಿ. ಎರಡು ಪದರ ಬಂತು ಅಂದರೆ ಕವರೇ. ಹಾಗಿದ್ದರೆ ಸೂಜಿ ಚುಚ್ಚಿ ಪ್ರಯೋಜನ ಇಲ್ಲ, ಕಿತ್ತು ತೆಗೆಯಬೇಕು. ಬೇಗ ತೆಗೆಯಿರಿ. ಬಿಸಿಲಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಆ ಕವರ್ ಕಿತ್ತು ಬರುವುದೇ ಕಷ್ಟ.

ಅಡಿಯಿಂದ ಏಳುವ ಗುಳ್ಳೆಗೆ ಇನ್ನೂ ಕಾರಣಗಳಿವೆ. ನಾನು ಕೆಲಸ ಶುರು ಮಾಡಿದ ಎರಡನೇ ವರ್ಷ ಒಂದು ಹಾಲಿನ ಡೇರಿಗೆ ತಗಡಿನ ಬೋರ್ಡ್ ಮಾಡಿಕೊಟ್ಟೆ. ಇವತ್ತು ಎನಾಮಲ್ ಪೇಂಟ್ ಹೊಡೆದು, ನಾಳೆ ಮುಟ್ಟಿ ನೋಡಿ, ಒಣಗಿದೆ ಅಂತ ವಿನೈಲ್ ಅಂಟಿಸಿದೆ. ಒಂದು ವಾರದಲ್ಲಿ ಬೋರ್ಡ್ ತುಂಬ ಅಕ್ಕಿಕಾಳಿನಷ್ಟು ಗುಳ್ಳೆಗಳು. ಏಣಿ ಹತ್ತಿ ಒಂದೊಂದಾಗಿ ಚುಚ್ಚಿ ಒತ್ತಿದೆ. ನಾಲ್ಕು ದಿನಕ್ಕೆ ಮತ್ತೆ ಬಂದವು. ಕೊನೆಗೆ ವಿನೈಲ್ ಎಳೆದರೆ ಪೇಂಟ್ ಕೂಡ ಅದರ ಜೊತೆಗೇ ಬಂತು. ಪೇಂಟ್ ಮೇಲ್ಗಡೆ ಒಣಗಿದ್ದರೂ ಒಳಗಿನ ಥಿನ್ನರ್ ಆವಿಯಾಗಿ ಹೊರಗೆ ಬರುತ್ತಲೇ ಇತ್ತು, ದಾರಿ ಸಿಗದೆ ಗುಳ್ಳೆಯಾಯಿತು. ಅವತ್ತಿನಿಂದ ಪೇಂಟ್ ಹೊಡೆದ ತಗಡಿಗೆ ಕಡಿಮೆ ಅಂದರೂ ಒಂದು ವಾರ ಬಿಡುತ್ತೇನೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ಅಕ್ರಿಲಿಕ್, ಪಾಲಿಕಾರ್ಬೊನೇಟ್ ಶೀಟುಗಳೂ ಹೀಗೇ. ಅವು ತೇವ ಹೀರಿಕೊಂಡಿರುತ್ತವೆ. ಬಿಸಿಯಾದಾಗ ಅದು ಹೊರಗೆ ಬರುತ್ತದೆ, ಅದಕ್ಕೇ ಒಳಗೆ ಲೈಟ್ ಇರುವ ಗ್ಲೋ ಸೈನ್ ಬೋರ್ಡುಗಳಲ್ಲಿ ಈ ಕಾಟ ಹೆಚ್ಚು. ಅನುಮಾನ ಇದ್ದರೆ ಒಂದು ಅಂಗೈಯಗಲದ ವಿನೈಲ್ ತುಂಡನ್ನು ಶೀಟಿಗೆ ಅಂಟಿಸಿ, ಬಿಸಿಲಲ್ಲಿ ಒಂದು ದಿನ ಇಟ್ಟು ನೋಡಿ.

ಹಳೇ ಸ್ಟಿಕ್ಕರ್ ಮೇಲೇ ಹೊಸದು ಹಾಕುವುದು ಇನ್ನೊಂದು ತಪ್ಪು. 2024ರ ಫೆಬ್ರವರಿಯಲ್ಲಿ ಬೋರ್ಡಿನ ಶೇಕಡಾ 60 ಭಾಗ ಕನ್ನಡ ಇರಬೇಕು ಅಂತ ಬೆಂಗಳೂರಿನಲ್ಲಿ ತಿಂಗಳ ಕೊನೆಯ ಗಡುವು ಕೊಟ್ಟಿದ್ದರಲ್ಲ, ಆಗ ನಮ್ಮ ಕೆಲಸದವರಿಗೆ ಹಗಲು ರಾತ್ರಿ ಕೈತುಂಬ ಕೆಲಸ. ಕನ್ನಡ ಮೇಲೆ ಬಂದದ್ದು ನನಗೆ ನಿಜಕ್ಕೂ ಖುಷಿ. ಆದರೆ ಅವಸರದಲ್ಲಿ ಕೆಲವರು ಹಳೇ ಅಕ್ಷರ ಕೀಳದೆ ಅದರ ಮೇಲೇ ವಿನೈಲ್ ಎಳೆದರು. ಹಳೇ ಅಕ್ಷರದ ಅಂಚು ಒಂದು ಸಣ್ಣ ಮೆಟ್ಟಿಲಿದ್ದ ಹಾಗೆ. ಅದರ ಪಕ್ಕದಲ್ಲಿ ಉದ್ದಕ್ಕೂ ಗಾಳಿ ನಿಂತುಬಿಡುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಈಗ ನಿಮ್ಮ ಬೋರ್ಡಿನ ಮಧ್ಯದ ಗುಳ್ಳೆಗಳು. ಇವು ಅವತ್ತೇ ಬಂದವು, ಹಾಗಾಗಿ ಸಿಕ್ಕಿಕೊಂಡ ಗಾಳಿ. ಕೈ ಸವರಿ ನೋಡಿ. ನಡುವೆ ಗಟ್ಟಿಯಾಗಿ ಏನೋ ಚುಚ್ಚಿದ ಹಾಗಾದರೆ ಅದು ಧೂಳಿನ ಕಣ, ಗಾಳಿಯಲ್ಲ. ಅದನ್ನು ಬಿಟ್ಟುಬಿಡಿ. ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳನ್ನೂ ಮುಟ್ಟಬೇಡಿ, ಎರಡು ಮೂರು ವಾರ ಬಿಸಿಲು ಕಂಡರೆ ಹೆಚ್ಚಿನವು ತಾವೇ ಕೂರುತ್ತವೆ. ಅದಕ್ಕಿಂತ ದೊಡ್ಡದಾದರೆ ಸಣ್ಣ ಹೊಲಿಗೆ ಸೂಜಿ ತಗೊಳ್ಳಿ, ಅಕ್ಕನ ಅಂಗಡಿಯಲ್ಲೇ ಇರುತ್ತದೆ ಅಲ್ವಾ. ಗುಳ್ಳೆಯ ನಡುವೆ ಚುಚ್ಚಬೇಡಿ. ಗುಳ್ಳೆ ಮುಗಿಯುವ ಅಂಚಿನಲ್ಲಿ, ಸೂಜಿಯನ್ನು ಓರೆಯಾಗಿ ಹಿಡಿದು, ವಿನೈಲ್ ದಾಟುವಷ್ಟು ಮಾತ್ರ ಚುಚ್ಚಿ. ಆಮೇಲೆ ಹೆಬ್ಬೆರಳನ್ನು ಎದುರು ಬದಿಯಿಂದ ತೂತಿನ ಕಡೆಗೆ ನಿಧಾನವಾಗಿ ತಳ್ಳಿ. ಗಾಳಿ ಹೋದದ್ದು ಬೆರಳಿಗೇ ಗೊತ್ತಾಗುತ್ತದೆ. ಬೆಳಗಿನ ಚಳಿಯಲ್ಲಿ ವಿನೈಲ್ ಬಿರುಸಾಗಿದ್ದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಬ್ಲೇಡಿನಲ್ಲಿ ಮಾತ್ರ ಕೊಯ್ಯಬೇಡಿ. ವಿನೈಲ್ ದಿನ ಕಳೆದಂತೆ ಕುಗ್ಗುತ್ತದೆ, ಕೊಯ್ದ ಗೆರೆ ಬಾಯಿ ಬಿಡುತ್ತದೆ, ಅಲ್ಲಿಂದ ಧೂಳು ಒಳಗೆ ಹೋಗಿ ಕಪ್ಪು ಗೀಟು ಉಳಿಯುತ್ತದೆ.

ಇನ್ನು ಸೋಪಿನ ನೀರು. ನಿಮಗೆ ಹಾಕಿ ಅಂದವರೂ ಸರಿ, ಬೇಡ ಅಂದವರೂ ಸರಿ. ನೀರು ಹಾಕಿದರೆ ಗಮ್ ತಕ್ಷಣ ಹಿಡಿಯುವುದಿಲ್ಲ, ಅತ್ತಿತ್ತ ಸರಿಸಿ ಕೂರಿಸಬಹುದು. ಹೊಸಬರಿಗೆ ದೊಡ್ಡ ಶೀಟ್ ಅಂಟಿಸಲು ಇದೇ ಸುಲಭ. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಐದಾರು ಹನಿ ಸಾಕು. ನೊರೆ ಬರುವಷ್ಟು ಹಾಕಿದರೆ ಗಮ್ ಹಿಡಿಯುವುದಿಲ್ಲ. ಗಾಜು, ಅಕ್ರಿಲಿಕ್, ಎಸಿಪಿಗೆ ಇದು ಸರಿ. ಮರ, ಪ್ಲೈವುಡ್, ಕಾಗದದ ಮೈ ಇರುವ ಫೋಮ್ ಬೋರ್ಡ್ ಬೇಡ. ನೀರನ್ನು ನಡುವಿನಿಂದ ಅಂಚಿಗೆ ಒತ್ತಿ ಪೂರ್ತಿ ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಅದೇ ಗುಳ್ಳೆಯಾಗುತ್ತದೆ. ಬಬಲ್ ಫ್ರೀ ಅಂತ ಮಾರುವ ವಿನೈಲ್ ಆದರೆ ನೀರು ಖಂಡಿತ ಬೇಡ. ಅದರ ಗಮ್‌ನಲ್ಲಿ ಗಾಳಿ ಹೋಗಲು ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿರುತ್ತವೆ, ನೀರು ಅಲ್ಲೇ ನಿಂತುಬಿಡುತ್ತದೆ.

ಮತ್ತೆ ಹೊಸದು ಹಾಕಬೇಕಾಗಿ ಬಂದರೆ ನನ್ನ ಕ್ರಮ ಹೇಳುತ್ತೇನೆ, ನಾನು ಒಣಗೇ ಅಂಟಿಸುತ್ತೇನೆ. ಬೆಳಿಗ್ಗೆ ನೆರಳಿನಲ್ಲಿ, ಬೋರ್ಡನ್ನು ಮೇಜಿನ ಮೇಲೆ ಮಲಗಿಸಿ, ಫ್ಯಾನ್ ಆಫ್ ಮಾಡಿ. ಮಧ್ಯಾಹ್ನದ ಬಿಸಿಲಿಗೆ ಕಾದ ಎಸಿಪಿಗೆ ವಿನೈಲ್ ತಾಗಿದರೆ ಮುಗಿಯಿತು, ಬಿಡಿಸಲು ಬರುವುದಿಲ್ಲ. ಮೊದಲು ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ಒಂದೇ ಬಟ್ಟೆಯಾದರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೇ.

ವಿನೈಲನ್ನು ಬೋರ್ಡಿನ ಮೇಲೆ ಅಳತೆಗೆ ಸರಿಯಾಗಿ ಇಟ್ಟು, ನಟ್ಟ ನಡುವೆ ಮೇಲಿಂದ ಕೆಳಗೆ ಮಾಸ್ಕಿಂಗ್ ಟೇಪ್ ಹಾಕಿ. ಬಲಗಡೆ ಅರ್ಧವನ್ನು ಎತ್ತಿ ಮಡಚಿ, ಹಿಂದಿನ ಕಾಗದವನ್ನು ಟೇಪಿನ ತನಕ ಬಿಡಿಸಿ ಕತ್ತರಿಸಿ. ಒಬ್ಬರು ಆ ತುದಿಯನ್ನು ಬಿಗಿಯಾಗಿ ಮೇಲಕ್ಕೆ ಹಿಡಿದಿರಬೇಕು. ಎಲ್ಲ ಗುಟ್ಟು ಇಲ್ಲೇ ಇದೆ. ಸ್ಕ್ವೀಜಿ (ವಿನೈಲನ್ನು ಒತ್ತಿ ಎಳೆಯುವ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ) ಬರುವ ಮೊದಲೇ ವಿನೈಲ್ ಬೋರ್ಡಿಗೆ ತಾಗಿತು ಅಂದರೆ, ಆ ತಾಗಿದ ಜಾಗಕ್ಕೂ ಸ್ಕ್ವೀಜಿಗೂ ನಡುವೆ ಗಾಳಿ ಸೆರೆಯಾಯಿತು. ನಿಮ್ಮ ಮಧ್ಯದ ಗುಳ್ಳೆಗಳು ಹೀಗೇ ಬಂದಿರಬೇಕು. ಸ್ಕ್ವೀಜಿಯ ಅಂಚಿಗೆ ಬಟ್ಟೆಯ ಪಟ್ಟಿ ಇರಲಿ. ಓರೆಯಾಗಿ ಹಿಡಿದು ನಡುವಿನಿಂದ ಹೊರಕ್ಕೆ, ಒಂದು ಎಳೆತದ ಅರ್ಧದ ಮೇಲೆ ಮುಂದಿನ ಎಳೆತ ಬರುವ ಹಾಗೆ ಎಳೆಯಿರಿ. ಸುಮ್ನೆ ಸವರಿದರೆ ಸಾಲದು, ಭಾರ ಬೀಳಬೇಕು. ಬಲಗಡೆ ಮುಗಿದ ಮೇಲೆ ಟೇಪ್ ತೆಗೆದು ಎಡಗಡೆಗೂ ಹೀಗೇ ಮಾಡಿ. ನಡುವೆ ಗುಳ್ಳೆ ಕಂಡರೆ ಮುಂದೆ ಹೋಗಬೇಡಿ. ಹಿಂದಕ್ಕೆ ಎತ್ತಿ ಮತ್ತೆ ಎಳೆಯಿರಿ, ಮೊದಲ ಕೆಲವು ನಿಮಿಷ ಗಮ್ ಬಿಟ್ಟುಕೊಡುತ್ತದೆ.

ಪ್ರಿಂಟ್ ಬದಲು ಬಿಡಿ ಅಕ್ಷರ ಕತ್ತರಿಸಿ ಅಂಟಿಸುವವರಿಗೂ ಒಂದು ಮಾತು. ಅಕ್ಷರಗಳನ್ನು ಒಟ್ಟಿಗೆ ಎತ್ತಿ ಬೋರ್ಡಿಗೆ ಕೂರಿಸಲು ಮೇಲೆ ಹಾಕುವ ಅಪ್ಲಿಕೇಶನ್ ಟೇಪ್ ತೆಗೆಯುವ ಮೊದಲು ಕಾಣುವ ಎಷ್ಟೋ ಗುಳ್ಳೆಗಳು ಟೇಪ್ ಮತ್ತು ಅಕ್ಷರದ ನಡುವೆ ಇರುತ್ತವೆ, ಅಕ್ಷರದ ಅಡಿಯಲ್ಲಲ್ಲ. ಅವಸರದಲ್ಲಿ ಚುಚ್ಚಬೇಡಿ. ನಮ್ಮ ಅಕ್ಷರಗಳಲ್ಲಿ ಒತ್ತು, ದೀರ್ಘ, ‘ಠ’ದ ಒಳಗಿನ ಚುಕ್ಕೆ ಎಲ್ಲ ಸಣ್ಣ ಸಣ್ಣ ತುಂಡುಗಳು. ಅವುಗಳ ಮೇಲೆ ಸ್ಕ್ವೀಜಿಯ ಮೂಲೆಯಿಂದ ಇನ್ನೊಂದು ಸಲ ಒತ್ತಿ, ಆಮೇಲೆ ಟೇಪನ್ನು ಬೋರ್ಡಿಗೆ ಒರಗಿದ ಹಾಗೆ ಹಿಂದಕ್ಕೆ ಮಡಚಿ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ‘ಲಕ್ಷ್ಮಿ’ಯ ಒತ್ತು ಟೇಪಿನಲ್ಲೇ ಬಂದುಬಿಡುತ್ತದೆ.

ಮೂಲೆ ಎಬ್ಬಿಸಿದಾಗ ಕವರ್ ಸಿಕ್ಕಿದರೆ, ಇಡೀ ವಿನೈಲನ್ನು ಬೆಚ್ಚಗೆ ಮಾಡಿಕೊಂಡು ನಿಧಾನವಾಗಿ ಕೀಳಿ. ಉಳಿದ ಗಮ್ಮನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಸೋಪಿನ ನೀರು, ಆಮೇಲೆ ಸ್ಪಿರಿಟ್. ಥಿನ್ನರ್ ಹಾಕಬೇಡಿ, ಎಸಿಪಿಯ ಬಣ್ಣ ಹಾಳಾಗುತ್ತದೆ. ಹೊಸ ಪ್ರಿಂಟ್ ಕೊಡುವಾಗ ನಾಲ್ಕೂ ಕಡೆ ಒಂದೊಂದು ಇಂಚು ಜಾಸ್ತಿ ಇಡಲು ಹೇಳಿ, ಅಂಟಿಸಿದ ಮೇಲೆ ಅಂಚು ಕತ್ತರಿಸಿದರಾಯಿತು. ಪ್ರಿಂಟ್ ಒಂದು ದಿನ ಪೂರ್ತಿ ಒಣಗಿದ ಮೇಲೇ ಲ್ಯಾಮಿನೇಶನ್ ಮಾಡಲು ಹೇಳಿ. ಎಡ ಮೂಲೆಯ ಒಂದು ಫೋಟೋ ಇಲ್ಲೇ ಹಾಕಿದರೆ ನೋಡಿ ಹೇಳುತ್ತೇನೆ.