50 ಓಡಿದರೆ 100ಕ್ಕೆ ತಯಾರಾದ ಹಾಗಾ?

ಪ್ರಶ್ನೆ: ನನಗೆ 38 ವರ್ಷ, ಬ್ಯಾಂಕ್ ಕೆಲಸ. ಇದುವರೆಗೆ ರಸ್ತೆಯಲ್ಲಿ 4 ಮ್ಯಾರಥಾನ್ ಓಡಿದ್ದೇನೆ, ಒಳ್ಳೆಯ ಸಮಯ 4 ಗಂಟೆ 20 ನಿಮಿಷ. ಡಿಸೆಂಬರ್ ಕೊನೆಗೆ ಒಂದು 100 ಕಿ.ಮೀ. ಕಾಡುದಾರಿಯ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಅದರ ತಯಾರಿಗೆ ಅಂತ ಅಕ್ಟೋಬರ್‌ನಲ್ಲಿ ಚಿಕ್ಕಮಗಳೂರು ಕಡೆಯ ಮಲ್ನಾಡ್ ಅಲ್ಟ್ರಾ (ಮ್ಯಾರಥಾನ್‌ಗಿಂತ ಉದ್ದದ ಓಟ) ದಲ್ಲಿ 50 ಕಿ.ಮೀ. ಓಡುವ ಯೋಚನೆ. ‘ಪೂರ್ತಿ ದಮ್ಮು ಹಾಕಿ ಓಡು, ಆಗಲೇ ನಿನ್ನ ತಾಕತ್ತು ಗೊತ್ತಾಗೋದು’ ಅಂತಾರೆ ಗೆಳೆಯರು. ಹಾಗೆ ಓಡಬೇಕಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. 50 ಓಡಿ, ಖಂಡಿತ ಓಡಿ, ಆದರೆ ದಮ್ಮು ಹಾಕಿ ಬೇಡ. ಮಾರನೇ ದಿನ ಮನೆಯ ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿಯುವ ಹಾಗೆ ಮುಗಿಸಿ. ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಕೊನೆಗೆ ಇರುವುದು ಸುಮಾರು 10 ವಾರ. 50ರಲ್ಲಿ ಕಾಲು ಹಾಳಾದರೆ ಅದರಲ್ಲಿ 3-4 ವಾರ ಸುಮ್ನೆ ಹೋಗುತ್ತದೆ. ನನಗೆ ಹಾಗೇ ಆಗಿತ್ತು. ಮೊದಲ 50ರಲ್ಲಿ ಇಳಿಜಾರು ಸಿಕ್ಕಲ್ಲೆಲ್ಲ ಖುಷಿಯಿಂದ ಹಾರಿಕೊಂಡು ಓಡಿದೆ, 35ನೇ ಕಿ.ಮೀ. ಹೊತ್ತಿಗೆ ತೊಡೆ ಕೈಕೊಟ್ಟಿತು, ಉಳಿದದ್ದನ್ನು ಕುಂಟುತ್ತಾ ಮುಗಿಸಿದೆ, ಆಮೇಲೆ 3 ವಾರ ಓಡಲು ಆಗಲಿಲ್ಲ. ಅದಕ್ಕಿಂತ ದೊಡ್ಡ ಓಟದಲ್ಲಿ ಕಟ್‌ಆಫ್ ಸಮಯ (ಇಷ್ಟರೊಳಗೆ ತಲುಪಬೇಕು ಅನ್ನುವ ಗಡುವು) ದಾಟಿ ಅರ್ಧಕ್ಕೇ ಬಿಬ್ (ಎದೆಯ ಮೇಲಿನ ನಂಬರ್ ಚೀಟಿ) ಬಿಚ್ಚಿಕೊಟ್ಟು ಬಂದೆ. ಆ ದುಃಖ ನಿಮಗೆ ಬೇಡ ಅಂತಲೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಮೊದಲು ಕಿ.ಮೀ. ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡಿಯಿರಿ. ಮ್ಯಾರಥಾನ್ 42.195 ಕಿ.ಮೀ., ಅದಕ್ಕಿಂತ ಇದು 8 ಕಿ.ಮೀ. ತಾನೇ ಜಾಸ್ತಿ ಅಂತ ಅನ್ನಿಸುತ್ತದೆ. ಕಾಫಿ ತೋಟದ ಏರು, ಮಳೆಗೆ ನೆನೆದ ಜಾರು ಮಣ್ಣು, ಜೀಪಿನ ದಾರಿಯ ಉರುಟು ಕಲ್ಲು ಎಲ್ಲ ಸೇರಿದರೆ ನಿಮಗೆ 8 ಗಂಟೆ ಹಿಡಿದರೂ ಅಚ್ಚರಿ ಇಲ್ಲ. ರಸ್ತೆಯಲ್ಲಿ ನೀವು ಅಷ್ಟು ಹೊತ್ತು ಕಾಲ ಮೇಲೆ ಇದ್ದೇ ಇಲ್ಲ, ಅಲ್ವಾ? 100ರಲ್ಲಿ ಬಹುಶಃ ಅದರ ಎರಡರಷ್ಟಕ್ಕೂ ಹೆಚ್ಚು ಹೊತ್ತು ಇರಬೇಕು. ಹಾಗಾಗಿ ಗಡಸು ಏರುಗಳನ್ನು ಮೊದಲ ಗಂಟೆಯಿಂದಲೇ ನಡೆಯಿರಿ, ದಣಿದ ಮೇಲೆ ಅಲ್ಲ. ಅಕ್ಕಪಕ್ಕದವರು ಓಡಿ ಮುಂದೆ ಹೋಗುತ್ತಾರೆ, ಹೋಗಲಿ. ಬಿರುಸಾಗಿ ನಡೆಯುವುದನ್ನೂ ಬೇರೆಯಾಗಿ ಕಲಿಯಬೇಕು, 100 ಕಿ.ಮೀ. ಓಟದ ದೊಡ್ಡ ಪಾಲು ಅದೇ.

ಇನ್ನು ಇಳಿಜಾರು. ಏರು ಉಸಿರು ತೆಗೆಯುತ್ತದೆ, ಆದರೆ ಕಾಲು ಮುರಿಯುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರ ತಡೆಯುತ್ತಲೇ ಹಿಗ್ಗುತ್ತದೆ, ಹಾಗಾಗಿ ಅದರ ಎಳೆಗಳಿಗೆ ಸಣ್ಣ ಸಣ್ಣ ಗಾಯ ಆಗುತ್ತದೆ. ನೋವು ಜೋರಾಗುವುದು ಒಂದೆರಡು ದಿನ ಬಿಟ್ಟು. ಒಳ್ಳೆಯ ಸಂಗತಿ ಅಂದರೆ, ಒಮ್ಮೆ ಹದವಾಗಿ ಈ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅಂಥದ್ದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ನಿಮಗೆ ಆ 50 ಬೇಕಾಗಿರುವುದೇ ಇದಕ್ಕೆ. ಚಿಕ್ಕ ಹೆಜ್ಜೆ ಇಡಿ, ಮಂಡಿ ಸ್ವಲ್ಪ ಬಾಗಿರಲಿ, ಹಿಮ್ಮಡಿ ಊರಿ ಬ್ರೇಕ್ ಹಾಕಬೇಡಿ. ಇದನ್ನು ಈಗಲೇ ಶುರು ಮಾಡಿ. ನಿಮಗೆ ಚಿತ್ರದುರ್ಗ ಹತ್ತಿರ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕೋಟೆಯ ಮೆಟ್ಟಿಲುಗಳನ್ನು ಹತ್ತಿ ಇಳಿಯಿರಿ. ಜೋಗಿಮಟ್ಟಿಯ ದಾರಿಯೂ ಚೆನ್ನಾಗಿದೆ, ಆದರೆ ಅದು ಕಾಡು, ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ.

ಎರಡನೆಯದು ಹೊಟ್ಟೆ. 100 ಕಿ.ಮೀ. ಅರ್ಧಕ್ಕೆ ಬಿಟ್ಟವರನ್ನು ಕೇಳಿ ನೋಡಿ, ಎಷ್ಟೋ ಜನ ಕಾಲಿನ ಮಾತೇ ಎತ್ತುವುದಿಲ್ಲ, ವಾಂತಿ ಬಂತು, ಏನೂ ಸೇರಲಿಲ್ಲ ಅಂತಾರೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಅಂದಾಜಿಗೆ ಅದನ್ನೇ ಅಳತೆ ಮಾಡಿಕೊಳ್ಳಿ. ಓಟಗಾರರು ಹೀರುವ ಜೆಲ್‌ನ ಸಿಹಿ 4-5 ಗಂಟೆ ಓಡುವಷ್ಟರಲ್ಲಿ ಬೇಜಾರಾಗುತ್ತದೆ. ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ, ಕಡ್ಲೆ ಚಿಕ್ಕಿ, ತೆಳ್ಳಗಿನ ರಾಗಿ ಗಂಜಿ, ಮಿದ್ದ ಮೊಸರನ್ನ, ಯಾವುದು ನಿಮಗೆ ಒಗ್ಗುತ್ತದೋ 50ರಲ್ಲೇ ನೋಡಿ. ಹಸಿವಾಗಲಿ ಅಂತ ಕಾಯಬೇಡಿ, 30 ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ತಿನ್ನಿ. ನೀರನ್ನು ಮಾತ್ರ ಬಾಯಾರಿದಷ್ಟೇ ಕುಡಿಯಿರಿ. ಬರೀ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ ಆಗಬಹುದು. ಉಪ್ಪಿನ ಆಹಾರ, ಓಆರ್‌ಎಸ್ ಜೊತೆಗಿರಲಿ, ಆದರೆ ಅವು ಇವೆ ಅಂತ ಬೇಡದಿದ್ದರೂ ಕುಡಿಯುತ್ತಲೇ ಇರಬೇಡಿ.

ಡಿಸೆಂಬರ್‌ನಲ್ಲಿ ಹಾಕುವ ಶೂ, ಸಾಕ್ಸ್, ಬೆನ್ನಚೀಲ ಎಲ್ಲ ಅಕ್ಟೋಬರ್‌ನಲ್ಲೂ ಅವೇ ಇರಲಿ. ಕತ್ತಲ ಓಟ 50ರಲ್ಲಿ ಸಿಗುವುದು ಕಡಿಮೆ, ಹೆಡ್‌ಲ್ಯಾಂಪ್ ಕಟ್ಟಿಕೊಂಡು ರಾತ್ರಿ ಓಡುವುದನ್ನು ಬೇರೆ ದಿನ ಜೊತೆಗಾರರ ಜೊತೆ ಮಾಡಿ.

ಓಟ ಮುಗಿದ ಮೇಲೆ ಒಂದು ವಾರ ಬರೀ ನಡಿಗೆ. ಎರಡನೇ ವಾರ ಹಗುರ ಓಟ. ಆಮೇಲೆ 5-6 ವಾರ ಗಟ್ಟಿ ತಯಾರಿ: ಶನಿವಾರ 4-5 ಗಂಟೆ, ಭಾನುವಾರ ಅದೇ ದಣಿದ ಕಾಲಲ್ಲಿ ಇನ್ನೊಂದು 2-3 ಗಂಟೆ, ಪ್ರತಿ ವಾರ ಅಲ್ಲ, ನಡುವೆ ಒಂದು ಹಗುರ ವಾರ ಬಿಟ್ಟು. ಕೊನೆಯ 2 ವಾರ ಕಡಿಮೆ ಮಾಡುತ್ತಾ ಬನ್ನಿ. ಇನ್ನೊಂದು 50 ಓಡಿ ನೋಡೋಣ ಅನ್ನುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಮೊದಲು ಚಿಕ್ಕದು, ಆಮೇಲೆ ದೊಡ್ಡದು ಅನ್ನುವುದು ಎಲ್ಲ ಕಡೆ ಇದೆ. ಆಲ್ಪ್ಸ್‌ನಲ್ಲಿ 2003ರಿಂದ ನಡೆಯುತ್ತಿರುವ ಯುಟಿಎಂಬಿ (ಅಲ್ಟ್ರಾ ಟ್ರೇಲ್ ಡು ಮಾಂಟ್ ಬ್ಲಾಂಕ್) ಓಟ ಮೂರು ದೇಶ ಸುತ್ತುತ್ತದೆ, ಸುಮಾರು 170 ಕಿ.ಮೀ., ಏರು ಒಟ್ಟು 10,000 ಮೀಟರ್ ಹತ್ತಿರ. ಅಲ್ಲೂ ಸಾಮಾನ್ಯ ಓಟಗಾರರು ಬೇರೆ ಓಟಗಳನ್ನು ಮುಗಿಸಿ ಬಂದ ಮೇಲೆಯೇ ಪ್ರವೇಶಕ್ಕೆ ಅರ್ಜಿ.

ಪ್ರಶ್ನೆ: ಮಲೆನಾಡಿನ ಓಟದಲ್ಲಿ ಇಂಬಳ (ಜಿಗಣೆ) ಹತ್ತುತ್ತದಂತೆ, ಹೆದರಿಕೆ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಹತ್ತುತ್ತವೆ, ಆದರೆ ಓಡುತ್ತಿರುವವರಿಗಿಂತ ನಿಂತವರಿಗೆ ಜಾಸ್ತಿ. ಉದ್ದ ಸಾಕ್ಸ್ ಹಾಕಿ, ಹುಲ್ಲಿನ ಮೇಲೆ ಕೂರಬೇಡಿ. ಕಚ್ಚಿಕೊಂಡರೆ ಉಗುರಿನಿಂದ ಬುಡ ಸರಿಸಿ ಬಿಡಿಸಿ, ಗಾಯ ತೊಳೆದು ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಪ್ರಶ್ನೆ: 50 ಕಿ.ಮೀ. ಓಟದ ಬೆಳಿಗ್ಗೆ ಮುಂಚಿತವಾಗಿ ಒಂದು ನೋವಿನ ಮಾತ್ರೆ ನುಂಗಬಹುದಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಬೇಡ. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ಮಾತ್ರೆ ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ಬೆವರಿ ಒಣಗಿದ ಮೈ, ಮೇಲೆ ಸ್ನಾಯು ಒಡೆದು ರಕ್ತಕ್ಕೆ ಸೇರಿದ ಕಸ, ಎಲ್ಲದರ ಹೊರೆ ಅದೇ ಮೂತ್ರಪಿಂಡದ ಮೇಲೆ. ನೋವು ಎಲ್ಲಿ ಶುರುವಾಗುತ್ತದೆ ಅಂತ ತಿಳಿಯುವುದಕ್ಕೂ ತಯಾರಿ ಓಟ ಬೇಕು, ಅದನ್ನು ಮಾತ್ರೆಯಿಂದ ಮುಚ್ಚಬೇಡಿ. ಓಟದ ನಂತರ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದರೆ, ಅಥವಾ ಮೂತ್ರವೇ ಬರದಿದ್ದರೆ, ನೀರು ಕುಡಿದು ಮಲಗಿದರೆ ಸರಿಹೋಗುತ್ತದೆ ಅಂತ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ಎಷ್ಟು ಗಂಟೆ ಓಡಿದಿರಿ ಅಂತ ಡಾಕ್ಟರಿಗೆ ಹೇಳಿ.