ಮಗನಿಗೋಸ್ಕರ ಅಂತ ಮದುವೆಯಾಗಬೇಡಿ, ನಿಮಗೋಸ್ಕರ ಆಗಿ

ಹೆಂಡತಿ ತೀರಿ ಮೂರು ವರ್ಷ. ಆರು ವರ್ಷದ ಮಗ. ಆಫೀಸಿನಲ್ಲಿ ಒಬ್ಬರು ಮನಸ್ಸಿಗೆ ಹಿಡಿಸಿದ್ದಾರೆ. ಮನೆಯಲ್ಲಿ ‘ಮಗನಿಗೋಸ್ಕರ ಆದರೂ ಮದುವೆ ಆಗು’ ಅನ್ನುತ್ತಿದ್ದಾರೆ. ‘ಲವ್ ಮಾಕ್‌ಟೇಲ್ 2’ ನೋಡಿದ ಮೇಲೆ ನಿಮಗೆ, ಹೆಂಡತಿಯನ್ನು ಪೂರ್ತಿ ಮರೆಯದೆ ಇನ್ನೊಬ್ಬರನ್ನು ಕಟ್ಟಿಕೊಳ್ಳುವುದು ಮೋಸ ಅನಿಸುತ್ತಿದೆ. ಮಗನಿಗಾಗಿ ಆಗಲಾ, ಮರೆಯುವ ತನಕ ಕಾಯಲಾ ಅಂತ ಕೇಳಿದ್ದೀರಿ. ನೀವು ರಾಣೆಬೆನ್ನೂರಿನವರು, ನಾನು ಗದಗಿನವನು. ನನ್ನ ಉತ್ತರ: ಎರಡೂ ಬೇಡ. ಮಗುವಿನ ಹೆಸರು ಹೇಳಿ ಹೆಣ್ಣು ಕೇಳಿದವನು ನಾನು. ಅದರಿಂದ ಏನಾಯಿತು ಅಂತ ಹೇಳುತ್ತೇನೆ.

ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ನಮ್ಮ ಊರಿಗೆ ಮುದ್ರಣ ಕಾಶಿ ಅಂತಾರೆ, ನೀವೂ ಕೇಳಿರಬಹುದು. ಲಗ್ನಪತ್ರಿಕೆ, ಬಿಲ್ ಬುಕ್, ಶಿವಗಣಾರಾಧನೆಯ ಪತ್ರಿಕೆ, ಎಲ್ಲಾ ನಮ್ಮ ಕೈಯಿಂದಲೇ ಹೋಗುತ್ತವೆ. ನನ್ನ ಹೆಂಡತಿಯ ಶಿವಗಣಾರಾಧನೆಯ ಪತ್ರಿಕೆಯನ್ನೂ ನಾನೇ ಟೈಪ್ ಮಾಡಿದೆ. ಮಾಲೀಕರು ಬೇಡ ಅಂದರು, ಬೇರೆ ಹುಡುಗ ಮಾಡಲಿ ಅಂದರು. ಅವಳ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾದರೆ ಅಂತ ನನಗೆ ಹೆದರಿಕೆ. ಆಗ ಮಗಳಿಗೆ ಐದು ವರ್ಷ.

ಹೆಂಡತಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ ಇತ್ತು. ಅದಕ್ಕೆ ವಂಶವೃಕ್ಷ ತನ್ನಿ ಅಂದರು. ತಹಶೀಲ್ದಾರ್ ಕಚೇರಿ ಹತ್ತಿರದ ಒಂದು ಝರಾಕ್ಸ್ ಅಂಗಡಿಗೆ ಅರ್ಜಿ ತುಂಬಿಸಲು ಹೋದೆ. ಅಂಗಡಿ ನಡೆಸುತ್ತಿದ್ದವರು ಒಬ್ಬ ಹೆಣ್ಣುಮಗಳು. ‘ತೀರಿಕೊಂಡವರಿಗೆ ನೀವು ಏನಾಗಬೇಕ್ರಿ?’ ಅಂತ ಕೇಳಿದರು. ನನಗೆ ಬಾಯಿಯೇ ಬರಲಿಲ್ಲ. ಅವರು ಒಮ್ಮೆ ಮುಖ ನೋಡಿದರು. ತಾವೇ ‘ಗಂಡ’ ಅಂತ ಬರೆದರು. ಸಹಿ ಎಲ್ಲಿ ಮಾಡಬೇಕು ಅಂತ ಬೆರಳಿಟ್ಟು ತೋರಿಸಿದರು. ಚಿಲ್ಲರೆ ವಾಪಸ್ ಕೊಡುವಾಗ, ‘ನಮ್ಮವರದು ಬರಿಯೂ ಮುಂದ ನನಗೂ ಕೈ ನಡಗಿತ್ರಿ’ ಅಂದರು.

ಪರಿಚಯ ಆದದ್ದು ಹೀಗೆ. ಆಮೇಲೆ ಪ್ರೆಸ್ಸಿನ ಕೆಲಸಕ್ಕೆ ಅಂತ ಆ ಕಡೆ ಹೋಗುತ್ತಿದ್ದೆ. ಕೆಲವು ಸಲ ಕೆಲಸ ಇಲ್ಲದಿದ್ದರೂ ಹೋಗುತ್ತಿದ್ದೆ. ಅವರ ಗಂಡ ಟ್ರ್ಯಾಕ್ಟರ್ ಮೆಕ್ಯಾನಿಕ್ ಆಗಿದ್ದರಂತೆ. ಊಟಕ್ಕೆ ಕೂತರೆ ಖಡಕ್ ರೊಟ್ಟಿ ಮುರಿಯುವ ಸದ್ದು ಪಕ್ಕದ ಮನೆಗೆ ಕೇಳುತ್ತಿತ್ತು ಅಂತ ಹೇಳುತ್ತಿದ್ದರು. ನಾನು ನನ್ನ ಹೆಂಡತಿಯ ಬಗ್ಗೆ ಹೇಳುತ್ತಿದ್ದೆ. ಪಂಚಮಿಗೆ ಉಂಡೆ ಕಟ್ಟುವಾಗ ಮೊದಲನೆಯದನ್ನು ನನ್ನ ಬಾಯಿಗೆ ಇಡುತ್ತಿದ್ದಳು, ಬೆಲ್ಲ ಸರಿ ಇದೆಯಾ ಅಂತ ಕೇಳೋಕೆ. ಇದನ್ನು ನಾನು ಬೇರೆ ಯಾರ ಹತ್ತಿರವೂ ಹೇಳಿರಲಿಲ್ಲ. ಮನೆಯಲ್ಲಿ ಅವಳ ಹೆಸರು ತೆಗೆದರೆ ಅವ್ವ ಅಳುತ್ತಿದ್ದಳು, ಗೆಳೆಯರು ಮಾತು ತಿರುಗಿಸುತ್ತಿದ್ದರು. ಈ ಅಂಗಡಿಯಲ್ಲಿ ಮಾತ್ರ ಅವಳ ಬಗ್ಗೆ ಆರಾಮಾಗಿ ಮಾತಾಡಬಹುದಿತ್ತು.

ಅದಕ್ಕೇ ನಿಮ್ಮ ‘ಪೂರ್ತಿ ಮರೆತ ಮೇಲೆ’ ಅನ್ನೋ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಮರೆತಿದ್ದರೆ ನಮ್ಮಿಬ್ಬರಿಗೆ ಮಾತಾಡಲು ವಿಷಯವೇ ಇರುತ್ತಿರಲಿಲ್ಲ. ನೀವು ನೋಡಿದ ಸಿನಿಮಾವನ್ನು ನಾನೂ ನೋಡಿದ್ದೇನೆ. 2020ರ ಮೊದಲ ಭಾಗದಲ್ಲಿ ನಿಧಿ ತೀರಿಹೋಗುತ್ತಾಳೆ. 2022ರ ಎರಡನೆಯದರಲ್ಲಿ ಆದಿಗೆ ಅವಳು ಕಾಣಿಸುತ್ತಲೇ ಇರುತ್ತಾಳೆ, ಮಾತಾಡುತ್ತಾಳೆ. ಡಾರ್ಲಿಂಗ್ ಕೃಷ್ಣ ಮತ್ತು ಮಿಲನಾ ನಾಗರಾಜ್ ಆ ದೃಶ್ಯಗಳಲ್ಲಿ ಕೂತಾಗ ಥಿಯೇಟರಿನಲ್ಲಿ ನನ್ನ ಎದೆ ಕಟ್ಟಿತ್ತು. ಸತ್ತವರು ಮನೆಯಲ್ಲಿ ಓಡಾಡುತ್ತಾರೆ ಅನ್ನೋದು ಸುಳ್ಳಲ್ಲ. ಆದರೆ ಅದನ್ನು ನೋಡಿ, ಅವಳು ಕಾಣುವುದು ನಿಲ್ಲಲಿ, ಆಮೇಲೆ ನೋಡೋಣ ಅಂತ ನೀವು ತೀರ್ಮಾನಿಸಿದ್ದು ಸರಿ ಅಲ್ಲ. ನನಗೆ ಇವತ್ತಿಗೂ ನಿಂತಿಲ್ಲ. ನನ್ನ ಈಗಿನ ಹೆಂಡತಿಗೆ ಅದು ಗೊತ್ತು. ಅವರಿಗೂ ನಿಂತಿಲ್ಲ.

ಈಗ ನನ್ನ ತಪ್ಪಿನ ವಿಷಯ.

ಇಬ್ಬರಲ್ಲೂ ಮನಸ್ಸಿದೆ ಅಂತ ಖಾತ್ರಿ ಆದ ಮೇಲೆ ನಾನೇ ಅವರನ್ನು ಕೇಳಿದೆ. ಅವರು ಒಂದೇ ಮಾತು ಹೇಳಿದರು. ‘ಮನ್ಯಾಗ ಬಂದು ಕೇಳ್ರಿ. ನಾನು ಬೇಕು ಅಂತ ಹಿರ್ಯಾರ ಮುಂದ ಹೇಳ್ರಿ.’ ಆಯಿತು ಅಂದೆ. ಬೆಟಗೇರಿಯಲ್ಲಿ ಅವರ ತಂದೆಯ ಮನೆಗೆ ಹೋದೆವು. ನನ್ನ ಕಡೆಯಿಂದ ಅವ್ವ, ಅಕ್ಕ, ಮಾವ. ನನ್ನ ಮೊದಲ ಹೆಂಡತಿಯ ತಾಯಿಯೂ ಬಂದಿದ್ದರು. ಅತ್ತಿ ಬರಬೇಕು ಅಂತ ನಾನೇ ಹಟ ಹಿಡಿದಿದ್ದೆ. ಮಗಳು ಹೊಸ್ತಿಲ ಹತ್ತಿರ ಕೂತು ಚುರುಮುರಿ ತಿನ್ನುತ್ತಿದ್ದಳು.

ಅವರ ಅಣ್ಣ ಕೇಳಿದರು: ‘ನಿಮ್ಮ ಅಪೇಕ್ಷಾ ಏನ ಅದ, ಬಾಯಿ ಬಿಟ್ಟು ಹೇಳ್ರಿ.’

ನಾನು ಅತ್ತಿಯ ಮುಖ ನೋಡಿದೆ. ನೋಡಿ, ‘ನನಗೇನೂ ಬ್ಯಾಡ್ರಿ. ಮಗಳಿಗೆ ಒಬ್ಬ ತಾಯಿ ಬೇಕು, ಅಷ್ಟ’ ಅಂದೆ.

ಆ ಮಾತು ಯಾಕೆ ಬಂತು ಅಂತ ಎಷ್ಟೋ ಯೋಚನೆ ಮಾಡಿದ್ದೇನೆ. ಅತ್ತಿಯ ಮುಂದೆ ‘ನನಗೆ ಇವರು ಇಷ್ಟ’ ಅಂದರೆ ಅವರ ಮಗಳನ್ನು ಕೆಳಗಿಟ್ಟ ಹಾಗೆ ಆಗುತ್ತದೆ ಅನಿಸಿತು. ನಾಚಿಕೆಯೂ ಇತ್ತು. ಹೆಂಡತಿ ಸತ್ತವನಿಗೆ ಆಸೆ ಇರಬಾರದು, ಅಗತ್ಯ ಇರಬಹುದು ಅನ್ನೋ ರೀತಿ ನಾವು ಬೆಳೆದಿರುತ್ತೇವೆ. ನಮ್ಮ ಕಡೆ ಎಷ್ಟೋ ಸಮಾಜಗಳಲ್ಲಿ ಉಡಿಕೆ ಅಂತ ಹಿಂದಿನಿಂದ ಇದೆ. ವಿಧವೆಗೆ ಸೀರೆ ಉಡಿಸಿ ಮತ್ತೆ ಸಂಸಾರಕ್ಕೆ ಕೂಡಿಸುವುದು. ದೊಡ್ಡ ಮಾತೇ ಅದು. ಆದರೆ ಅದನ್ನು ಹಂದರ ಇಲ್ಲದೆ, ವಾಲಗ ಇಲ್ಲದೆ, ಕತ್ತಲಾದ ಮೇಲೆ ಮಾಡಿ ಮುಗಿಸುತ್ತಿದ್ದರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಆ ಸಂಕೋಚ ನನ್ನ ಬಾಯಲ್ಲೂ ಇತ್ತು. ಮಗುವಿನ ಹೆಸರು ಹೇಳಿದರೆ ಯಾರೂ ಏನೂ ಅನ್ನುವುದಿಲ್ಲ. ತ್ಯಾಗ ಮಾಡಿದ ಹಾಗೆ ಕಾಣುತ್ತದೆ. ಅವತ್ತೂ ಹಾಗೇ ಆಯಿತು, ಕೂತವರೆಲ್ಲ ತಲೆ ಆಡಿಸಿದರು. ಅಕ್ಕ ಅಂತೂ ಅದನ್ನೇ ಇನ್ನೂ ದೊಡ್ಡದು ಮಾಡಿದಳು. ‘ನಮ್ಮ ತಮ್ಮಗ ಮದಿವಿ ಮ್ಯಾಲೆ ಮನಸೇ ಇಲ್ರಿ, ಕೂಸಿನ ಸಲುವಾಗಿ ಒಪ್ಪ್ಯಾನ’ ಅಂದಳು. ನಾನು ಅಲ್ಲ ಅನ್ನಲಿಲ್ಲ. ಅನ್ನಬಹುದಿತ್ತು. ಆಗಲೂ ಹೊತ್ತು ಮೀರಿರಲಿಲ್ಲ.

ಅವರು ಒಳಗೆ ಚಹಾ ಸೋಸುತ್ತಿದ್ದರು. ಚಿಕ್ಕ ಮನೆ. ಎಲ್ಲ ಕೇಳಿಸಿತ್ತು.

ಮರುದಿನ ಫೋನ್ ಮಾಡಿದರು. ಸಿಟ್ಟು ಮಾಡಲಿಲ್ಲ. ‘ನಿಮ್ಮ ಮಗಳ ತಾಯಿ ತೀರಿಕೊಂಡಾರ್ರಿ. ಆ ಜಾಗಾಕ್ಕ ನಾ ಬರೂದಿಲ್ಲ, ಯಾರೂ ಬರೂದಿಲ್ಲ. ನಿಮಗ ನಾ ಬೇಕು ಅಂತ ಒಂದ ಮಾತು ಹೇಳಿದ್ರ ಸಾಕಾಗಿತ್ತು’ ಅಂದರು. ಸಂಬಂಧ ಬೇಡ ಅಂತ ಅವರ ಅಣ್ಣ ಮಾವನಿಗೆ ತಿಳಿಸಿದರು. ಸ್ವಲ್ಪ ದಿನಕ್ಕೆ ಅಂಗಡಿ ಮುಚ್ಚಿ ಹುಬ್ಬಳ್ಳಿಗೆ ಅಣ್ಣನ ಹತ್ತಿರ ಹೋದರು.

ನನಗೆ ಮೊದಲು ಸಿಟ್ಟೇ ಬಂತು. ಒಂದು ಮಾತಿಗೆ ಇಷ್ಟಾ ಅಂತ. ಗೊತ್ತಾಗಲು ಮಗಳೇ ಬೇಕಾಯಿತು. ಅವಳು ಮೆತ್ತಗೆ ಆಗುತ್ತಾ ಬಂದಿದ್ದಳು. ಏನು ಕೊಟ್ಟರೂ ಸಾಕು ಅನ್ನುವುದು, ಹಟ ಮಾಡದಿರುವುದು. ಶಾಣ್ಯಾ ಆಗಿದ್ದಾಳೆ ಅಂತ ಅವ್ವ ಹಿಗ್ಗುತ್ತಿದ್ದಳು. ಒಂದು ರಾತ್ರಿ ಮಗಳು ಕೇಳಿದಳು: ‘ಪಪ್ಪಾ, ಅವತ್ತ ನಾ ಮನಸಿನ್ಯಾಗ ಬ್ಯಾಡ ಅಂದಿದ್ದೆ. ಅದಕ್ಕ ಅವರು ಬರಲಿಲ್ಲೇನು?’

ಮದುವೆ ಅವಳ ಸಲುವಾಗಿ ಅಂತ ನಾನು ಎಲ್ಲರ ಮುಂದೆ ಹೇಳಿದ್ದೆನಲ್ಲಾ, ಆ ಮದುವೆ ಮುರಿದದ್ದೂ ತನ್ನ ಸಲುವಾಗಿಯೇ ಅಂತ ಅವಳು ತಿಳಿದಿದ್ದಳು. ಚಿಕ್ಕ ಮಕ್ಕಳು ಹೀಗೇ ಲೆಕ್ಕ ಹಾಕುತ್ತಾರೆ. ದೊಡ್ಡವರ ಬದುಕಿಗೆ ತಾನೇ ಕಾರಣ ಅಂತ ಒಮ್ಮೆ ತಲೆಗೆ ಹೋದರೆ, ಕೆಟ್ಟದ್ದಕ್ಕೂ ತಾನೇ ಕಾರಣ ಅಂದುಕೊಳ್ಳುತ್ತಾರೆ. ನಿಮ್ಮ ಮಗನ ಬಗ್ಗೆ ನನಗೆ ಇರುವ ಚಿಂತೆ ಇದೇ. ನಾಳೆ ಹೊಸ ಹೆಂಡತಿಗೂ ನಿಮಗೂ ಉಪ್ಪು ಜಾಸ್ತಿ ಆಯಿತು ಅಂತ ಮಾತು ಬೆಳೆದರೂ, ಆ ಹುಡುಗ ಮೂಲೆಯಲ್ಲಿ ಕೂತು ಇದು ನನ್ನಿಂದ ಅಂದುಕೊಳ್ಳುತ್ತಾನೆ. ಆರು ವರ್ಷದ ಕೂಸಿನ ಮೇಲೆ ಅಷ್ಟು ಭಾರ ಹಾಕಬೇಡಿ.

ಅವತ್ತು ರಾತ್ರಿಯೇ ಮಗಳಿಗೆ ಹೇಳಿದೆ. ಅವರು ನನಗೆ ಇಷ್ಟ ಇದ್ದರು, ನಾನು ಸುಳ್ಳು ಹೇಳಿದೆ, ಅದಕ್ಕೆ ಬೇಜಾರಾಗಿ ಹೋದರು, ನಿನ್ನದು ಇದರಲ್ಲಿ ಏನೂ ಇಲ್ಲ ಅಂತ. ಆಮೇಲೆ ಅತ್ತಿಯ ಮನೆಗೆ ಹೋದೆ. ಅದನ್ನೇ ಅವರ ಮುಂದೆಯೂ ಹೇಳಿದೆ. ಅತ್ತಿ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು. ‘ಇದನ್ನ ಅವತ್ತ ಹೇಳಿದ್ರ ನಾನ ಮುಂದ ನಿಂತು ಮಾತಾಡತಿದ್ನೆಲ್ಲಪಾ. ನನ್ನ ಮಗಳ ಕೂಡ ಚಲೋ ಬಾಳೇವು ಮಾಡಿದಿ, ಅದನ್ನ ಯಾರು ಕಸಕೋತಾರ?’ ಅಂದರು. ನಾನು ಯಾರಿಗೆ ಹೆದರಿ ಸುಳ್ಳು ಹೇಳಿದ್ದೆನೋ, ಅವರಿಗೆ ಆ ಸುಳ್ಳು ಬೇಕಾಗಿಯೇ ಇರಲಿಲ್ಲ.

ಹುಬ್ಬಳ್ಳಿಗೆ ಹೋಗಿ ಅವರ ಅಣ್ಣ, ವೈನಿ ಮುಂದೆ ಹೇಳಬೇಕಾದ್ದನ್ನು ಹೇಳಿದೆ. ಅವರು ತಕ್ಷಣ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಅಷ್ಟರಲ್ಲಿ ಅವರ ತಂದೆ ತೀರಿಹೋಗಿದ್ದರು. ಮಗಳ ಮೇಲೆ ಮತ್ತೊಮ್ಮೆ ಅಕ್ಕಿಕಾಳು ಬೀಳುವುದನ್ನು ನೋಡಬೇಕು ಅಂತ ಆ ಹಿರಿಯರಿಗೆ ಬಹಳ ಆಸೆ ಇತ್ತು. ನಾನು ಅವತ್ತು ನೆಟ್ಟಗೆ ಮಾತಾಡಿದ್ದರೆ ಅವರು ನೋಡಿಯೇ ಹೋಗುತ್ತಿದ್ದರು. ಇದನ್ನು ಈಗ ಯಾರೂ ಸರಿ ಮಾಡಲು ಆಗುವುದಿಲ್ಲ. ನನ್ನ ಹೆಂಡತಿ ಅದನ್ನು ಎಂದೂ ಎತ್ತಿಲ್ಲ, ಆದರೆ ನನಗೆ ಗೊತ್ತಿದೆ.

ಮದುವೆ ಆಯಿತು. ಎರಡನೇ ಸಂಬಂಧಕ್ಕೆ ಪತ್ರಿಕೆ ಯಾಕೆ, ಸುಮ್ನೆ ಮಠದಲ್ಲಿ ಮುಗಿಸಿ ಅಂದವರು ಇದ್ದರು. ನಾನು ಪತ್ರಿಕೆ ಹಾಕಿಸಿದೆ, ಒಳ್ಳೆ ದಪ್ಪ ಕಾಗದದಲ್ಲಿ, ಹಗಲು ಹೊತ್ತಿನ ಮುಹೂರ್ತ. ಮಗಳು ಅವರನ್ನು ಅಕ್ಕಾ ಅಂತಾಳೆ. ಅವ್ವ ಅನ್ನು ಅಂತ ನಾವು ಹೇಳಿಲ್ಲ. ಇಬ್ಬರೂ ಚಲೋ ಇದ್ದಾರೆ. ಆದರೆ ಮನೆಯಲ್ಲಿ ಯಾರಾದರೂ ದನಿ ಏರಿಸಿದರೆ ಮಗಳು ಇವತ್ತಿಗೂ ಮೊದಲು ನನ್ನ ಮುಖ ನೋಡುತ್ತಾಳೆ. ಆ ಹೆದರಿಕೆ ಪೂರ್ತಿ ಹೋಗಿಲ್ಲ.

ಹಾಗಾಗಿ ಮೊದಲು ಆಫೀಸಿನ ಆ ಮೇಡಂ ಹತ್ತಿರ, ಮಗನ ಸುದ್ದಿ ತೆಗೆಯದೆ, ನಿಮ್ಮ ಮಾತು ಹೇಳಿ. ಅವರು ಹ್ಞೂ ಅಂದರೆ ಮೊದಲ ಹೆಂಡತಿಯ ತಂದೆ ತಾಯಿಗೆ ನೀವೇ ಹೋಗಿ ಹೇಳಿ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು. ಮಗನಿಗೆ ‘ನಿನಗೆ ಹೊಸ ಅಮ್ಮ ಬೇಕಾ’ ಅಂತ ಕೇಳಲೇಬೇಡಿ. ಅದು ಅವನು ತೀರ್ಮಾನ ಮಾಡುವ ವಿಷಯ ಅಲ್ಲ. ಹೇಳಿ, ಭೇಟಿ ಮಾಡಿಸಿ, ಹೊಂದಿಕೊಳ್ಳಲು ಅವನಿಗೆ ಟೈಮ್ ಕೊಡಿ. ಆ ಮೇಡಂ ಒಲ್ಲೆ ಅಂದರೆ ಮಗನಿಗೋಸ್ಕರ ಅಂತ ಬೇರೆ ಯಾರನ್ನೋ ನೋಡಲು ಹೋಗಬೇಡಿ. ಮಗನನ್ನು ನೋಡಿಕೊಳ್ಳಲು ಅಜ್ಜಿ ಇದ್ದಾರೆ, ನೀವಿದ್ದೀರಿ.

ಮಗನಿಗೋಸ್ಕರ ನಿಜವಾಗಿ ಮಾಡಬೇಕಾದ್ದು ಕಾಗದದ ಕೆಲಸ. ಅದನ್ನು ಯಾರೂ ಹೇಳುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ತೀರಿಹೋದ ನಿಮ್ಮ ಹೆಂಡತಿ ವಿಲ್ ಬರೆದಿರದಿದ್ದರೆ ಅವರ ಬಂಗಾರ, ಅವರ ಹೆಸರಿನ ಹಣ ನಿಮಗೂ ಮಗನಿಗೂ ಸಮಪಾಲು. ನಾನು ನನ್ನ ಪಾಲನ್ನೂ ಸೇರಿಸಿ ಅವಳ ಬಂಗಾರ ಎಲ್ಲಾ ಮಗಳಿಗೇ ಅಂತ ಮದುವೆಗೆ ಮೊದಲೇ ಅತ್ತಿಯ ಎದುರು ಲಾಕರಿನಲ್ಲಿ ಇಟ್ಟೆ. ಮುಂದೆ ಅದರ ಮೇಲೆ ಒಂದು ಮಾತೂ ಬಂದಿಲ್ಲ. ನಿಮ್ಮ ಆಸ್ತಿಯಲ್ಲಿ ಮಗನ ಹಕ್ಕು ಎರಡನೇ ಮದುವೆಯಿಂದ ಹೋಗುವುದಿಲ್ಲ. ಆದರೆ ಹೊಸ ಹೆಂಡತಿಯ ಸ್ವಂತ ಆಸ್ತಿಗೆ ಅವನು ಅವರ ಮಗನಾಗಿ ವಾರಸುದಾರ ಆಗುವುದಿಲ್ಲ. ಕೊಡುವ ಮನಸ್ಸಿದ್ದರೆ ಅವರು ವಿಲ್ ಬರೆಯಬೇಕು. ಆ ಮೇಡಂ ಕೂಡ ಗಂಡನನ್ನು ಕಳೆದುಕೊಂಡವರಾಗಿದ್ದರೆ, ಮೊದಲ ಗಂಡನಿಂದ ಬಂದ ಪಾಲು ಮರುಮದುವೆಯಾದರೆ ಹೋಗುತ್ತದೆ ಅಂತ ಯಾರಾದರೂ ಹೆದರಿಸಬಹುದು. ಹೋಗುವುದಿಲ್ಲ. ವಿಧವಾ ವೇತನ ಮಾತ್ರ ನಿಲ್ಲುತ್ತದೆ. ಮದುವೆ ನೋಂದಣಿಗೆ ಹೋಗುವಾಗ ಮೊದಲ ಹೆಂಡತಿಯ ಮರಣ ಪ್ರಮಾಣಪತ್ರದ ಮೂಲ ಪ್ರತಿ ಜೊತೆಗಿರಲಿ. ವಿಮೆ, ಬ್ಯಾಂಕು, ಪಿಎಫ್‌ನಲ್ಲಿ ನಾಮಿನಿ ಜಾಗದಲ್ಲಿ ಇನ್ನೂ ಅವರ ಹೆಸರೇ ಇದ್ದರೆ ಈ ವಾರವೇ ಹೋಗಿ ಬದಲಾಯಿಸಿ, ಮದುವೆ ಆಗಲಿ ಬಿಡಲಿ.